ಕಬ್ಬಿಣ ಬೆಳೆಯುತ್ತದೆಯೇ?

ನನಗೆ ಅನುಮಾನ ಜಾಸ್ತಿ. ಮನೆಯವರೆಲ್ಲ ಹಾಗೆ ಹೇಳುತ್ತಾರೆ. ಎಲ್ಲರೂ ಒಂದೇ ಮಾತು ಹೇಳುತ್ತಾರಲ್ಲ, ಮೊದಲೇ ಕೂತು ಮಾತಾಡಿಕೊಂಡಿದ್ದಾರೋ ಏನೋ ಎಂದು ಅದರ ಮೇಲೂ ನನಗೆ ಅನುಮಾನ.

ನಮ್ಮದು ಚಿಕ್ಕ ಇಟ್ಟಿಗೆ ಕಾರ್ಖಾನೆ. ಕಲಸಿದ ಮಣ್ಣನ್ನು ಉದ್ದನೆಯ ರಬ್ಬರ್ ಪಟ್ಟಿಯೊಂದು ಅಚ್ಚಿನ ಯಂತ್ರದವರೆಗೆ ಹೊತ್ತು ತರುತ್ತದೆ. ಆ ಪಟ್ಟಿಯನ್ನು ಮೋಟಾರಿಗೆ ಜೋಡಿಸಿ ತಿರುಗಿಸುವುದು ಒಂದು ಕಬ್ಬಿಣದ ಚೈನು. ಸೈಕಲ್ ಚೈನಿನ ದೊಡ್ಡಣ್ಣ ಎಂದುಕೊಳ್ಳಿ. ನನ್ನ ಗಂಡ ತೀರಿಕೊಂಡ ಮೇಲೆ ವ್ಯಾಪಾರ ನಾನು ನೋಡಿಕೊಳ್ಳುತ್ತೇನೆ, ಯಂತ್ರ ನನ್ನ ಮೈದುನ ನೋಡಿಕೊಳ್ಳುತ್ತಾನೆ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವನಿಗೆ ಒಂಬತ್ತು ವರ್ಷ. ನನ್ನ ಕೈತುತ್ತು ತಿಂದು ಬೆಳೆದವನು.

ಆರು ತಿಂಗಳ ಹಿಂದೆ ನೂರು ಕೊಂಡಿಯ ಹೊಸ ಚೈನು ಹಾಕಿಸಿದೆವು. ಎರಡೇ ತಿಂಗಳಿಗೆ ಅದು ಜೋಲುಬಿದ್ದು ಕಟಕಟ ಎನ್ನತೊಡಗಿತು. ನನ್ನ ಗಂಡ ಮಾಡುತ್ತಿದ್ದಂತೆಯೇ ಎರಡು ಕೊಂಡಿ ತೆಗೆಸಿ ಮತ್ತೆ ಜೋಡಿಸಿದೆ. ತೆಗೆದ ಕೊಂಡಿಗಳನ್ನು ಗೋಡೆಯ ಮೊಳೆಗೆ ನೇತುಹಾಕಿದೆ. ಇನ್ನೆರಡು ತಿಂಗಳಿಗೆ ಮತ್ತೆ ಎರಡು ಕೊಂಡಿ ಮೊಳೆಗೆ ಹೋದವು. ಅದಾದ ಮೇಲೂ ಚೈನು ಜೋಲುಬಿತ್ತು.

ಮಗು ಬೆಳೆಯುತ್ತದೆ, ಬಳ್ಳಿ ಬೆಳೆಯುತ್ತದೆ. ಕಬ್ಬಿಣ ಬೆಳೆಯುತ್ತದೆಯೇ? ಯಾರೋ ಬೋಲ್ಟು ಸಡಿಲಿಸಿ ಮೋಟಾರನ್ನು ಮುಂದಕ್ಕೆ ಸರಿಸುತ್ತಿದ್ದಾರೆ, ಅದಕ್ಕೇ ಚೈನು ಜೋಲು ಎಂದು ನಾನು ತೀರ್ಮಾನಿಸಿದೆ. ಶೆಡ್ಡಿನ ಕೀಲಿ ಇದ್ದದ್ದು ಇಬ್ಬರ ಹತ್ತಿರ, ನನ್ನ ಹತ್ತಿರ ಮತ್ತು ಮೈದುನನ ಹತ್ತಿರ. ನಾನಂತೂ ಸರಿಸಿಲ್ಲ. ರಸ್ತೆಯ ಕೊನೆಯ ದೊಡ್ಡ ಕಾರ್ಖಾನೆಯ ಯಜಮಾನನ ಜೊತೆ ಅವನು ನಗುನಗುತ್ತಾ ಮಾತಾಡಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ನಗುವಂಥದ್ದು ಅಲ್ಲೇನಿತ್ತು?

ಅಂದಿನಿಂದ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ. ಮಗಳ ಉಗುರುಬಣ್ಣ ತಂದು, ಮೋಟಾರಿನ ನಾಲ್ಕೂ ಬೋಲ್ಟುಗಳಿಂದ ಕೆಳಗಿನ ಹಲಗೆಯವರೆಗೆ ಸಣ್ಣ ಗೆರೆ ಎಳೆದೆ. ಬೋಲ್ಟು ತಿರುಗಿಸಿದರೆ ಗೆರೆ ಮುರಿಯಬೇಕು. ಮೂರು ವಾರವಾದರೂ ಗೆರೆ ಹಾಗೇ ಇತ್ತು, ಚೈನು ಮಾತ್ರ ಇನ್ನಷ್ಟು ಇಳಿದಿತ್ತು. ಬುದ್ಧಿ ಇದ್ದವರು ಅಲ್ಲಿಗೇ ಬಿಡುತ್ತಿದ್ದರು. ನಾನು ಬಿಡಲಿಲ್ಲ. ಅವನೂ ಅದೇ ಬಣ್ಣ ತಂದು ಮತ್ತೆ ಬಳಿದಿರಬಹುದಲ್ಲ?

ಕಳೆದ ಸೋಮವಾರ ಮಧ್ಯಾಹ್ನ ಚೈನು ಹಲ್ಲು ತಪ್ಪಿ ಚಕ್ರದಿಂದ ಹಾರಿ ನೆಲಕ್ಕೆ ಬಿತ್ತು. ಪಕ್ಕದಲ್ಲೇ ನಿಂತಿದ್ದ ಮೈದುನ ಕೂದಲೆಳೆಯಲ್ಲಿ ಪಾರಾದ. ನಾನು ಅವನತ್ತ ಓಡಿದೆ. ಆದರೆ ಬಾಯಿಂದ ಬಂದದ್ದು ಬೇರೆ.

"ಸಾಕಪ್ಪಾ ನಿನ್ನ ನಾಟಕ. ನಾಳೆಯಿಂದ ಬರಬೇಡ. ಆ ದೊಡ್ಡ ಕಾರ್ಖಾನೆಗೇ ಹೋಗು."

ಅವನು "ಸರಿ ಅತ್ತಿಗೆ" ಎಂದು ಕೀಲಿಯನ್ನು ಮೇಜಿನ ಮೇಲಿಟ್ಟು ಹೋದ. ಎದುರಾಡದೆ ಹೋದನಲ್ಲ, ತಪ್ಪು ಒಪ್ಪಿಕೊಂಡಂತೆಯೇ ಎಂದು ಬೀಗಿದೆ.

ಮರುದಿನ ಬೆಳಿಗ್ಗೆ ಎದುರುಮನೆಯ ಸೊಸೆ ಬಂದಳು. ಬಾಟಲಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿರುವ ಹುಡುಗಿ.

"ದೊಡ್ಡಮ್ಮ, ನಿಮ್ಮ ಚೈನು ಎರಡು ತಿಂಗಳಿಂದ ಅಳ್ತಾ ಇತ್ತು. ನಮ್ಮನೆ ಅಡುಗೆಮನೇವರೆಗೂ ಕೇಳ್ತಿತ್ತು. ಇವತ್ತು ಸದ್ದೇ ಇಲ್ಲ, ಏನಾಯ್ತು?"

"ನಿನಗೇನಮ್ಮ ಅಷ್ಟೊಂದು ಕಾಳಜಿ? ಹೊಸ ಚೈನು ಮಾರಕ್ಕೆ ಬಂದ್ಯಾ?"

ಅವಳು ನಕ್ಕುಬಿಟ್ಟಳು. "ನಾನೇನೂ ಮಾರಲ್ಲ. ಒಂದ್ಸಲ ನೋಡ್ಲಾ?"

ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಅದಕ್ಕೆ ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿದಳು.

"ಕೀಲಿ ನಿನ್ನ ಜೇಬಿಗ್ಯಾಕೆ?" ಎಂದೆ.

"ನನ್ನ ಬೆರಳು ಚಕ್ರದೊಳಗೆ ಇರೋವಾಗ ಯಾರೂ ಆನ್ ಮಾಡಬಾರ್ದಲ್ಲ ದೊಡ್ಡಮ್ಮ."

ಚೈನನ್ನು ಹಲಗೆಯ ಮೇಲೆ ನೆಟ್ಟಗೆ ಎಳೆದಿಟ್ಟು ಅವಳು ಕೇಳಿದಳು, "ಇದು ಹೊಸದಾಗಿದ್ದಾಗ ಉಳಿದ ತುಂಡು ಏನಾದ್ರೂ ಇದ್ಯಾ?"

ಇತ್ತು. ಇಪ್ಪತ್ತು ಕೊಂಡಿಯ ತುಂಡು. ಯಾರಾದರೂ ಎತ್ತಿಕೊಂಡು ಹೋದಾರೆಂದು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ತಂದುಕೊಟ್ಟೆ. ಅವಳು ಎರಡನ್ನೂ ಅಕ್ಕಪಕ್ಕ ಇಟ್ಟು ಬಿಗಿಯಾಗಿ ಹಿಡಿದಳು.

"ನೀವೇ ಎಣಿಸಿ. ನನ್ನ ಮಾತು ನಂಬಬೇಡಿ."

ಎಣಿಸಿದೆ. ಹೊಸ ತುಂಡಿನ ಇಪ್ಪತ್ತನೇ ಕೊಂಡಿ ಮುಗಿದ ಕಡೆ ಹಳೆಯ ಚೈನಿನಲ್ಲಿ ಹತ್ತೊಂಬತ್ತೇ ಆಗಿತ್ತು. ಮತ್ತೊಮ್ಮೆ ಎಣಿಸಿದೆ. ಹತ್ತೊಂಬತ್ತೇ. ಆ ತುಂಡು ಆರು ತಿಂಗಳು ನನ್ನ ಬೀಗದೊಳಗೇ ಇತ್ತು, ಯಾರ ಮೇಲೆ ಅನುಮಾನ ಪಡಲಿ?

"ಹಾಗಾದ್ರೆ ಕಬ್ಬಿಣ ಬೆಳೀತದಾ?"

"ಬೆಳೆಯಲ್ಲ, ಸವೆಯತ್ತೆ. ಪ್ರತಿ ಕೊಂಡಿ ಒಳಗೂ ಒಂದು ಪಿನ್ನು, ಅದರ ಸುತ್ತ ಕೊಳವೆ ಇದೆ. ಎರಡೂ ಉಜ್ಜಿ ಉಜ್ಜಿ ಸವೆದು ಸಂದು ಬೀಳತ್ತೆ. ಒಂದು ಕೊಂಡೀಲಿ ಒಂದೇ ಮಿಲಿಮೀಟರ್ ಅಂದ್ಕೊಳ್ಳಿ. ನೂರು ಕೊಂಡಿಗೆ?"

"ಹತ್ತು ಸೆಂಟಿಮೀಟರ್."

"ಒಂದು ಕೊಂಡಿ ಎರಡೂವರೆ ಸೆಂಟಿಮೀಟರ್. ಅಂದ್ರೆ ನಾಲ್ಕು ಕೊಂಡಿಯಷ್ಟು ಉದ್ದ."

ನನ್ನ ಕಣ್ಣು ಗೋಡೆಯ ಮೊಳೆಯತ್ತ ಹೋಯಿತು. ಅಲ್ಲಿ ನಾಲ್ಕು ಕೊಂಡಿ ನೇತಾಡುತ್ತಿದ್ದವು.

"ನೂರಕ್ಕೆ ಮೂರರಷ್ಟು ಉದ್ದ ಆದ್ರೆ ಚೈನಿನ ಆಯುಸ್ಸು ಮುಗೀತು ಅಂತ ಅರ್ಥ. ನಿಮ್ಮದು ಐದಾಗಿದೆ. ಕೊಂಡಿ ತೆಗೆದ್ರೆ ಜೋಲು ಹೋಗತ್ತೆ, ಸವೆತ ಹೋಗಲ್ಲ. ಸವೆದ ಚೈನು ಹಲ್ಲಿನ ಮೇಲೆ ಸರಿಯಾಗಿ ಕೂರದೆ ಹಾರತ್ತೆ" ಎಂದಳು.

"ಆರೇ ತಿಂಗಳಿಗೆ ಯಾಕಮ್ಮ ಸವೀತು? ಯಾರೋ ಬೇಕೂಂತಲೇ ಏನೋ ಮಾಡಿದಾರೆ ಅಲ್ವಾ?" ನಾನಿನ್ನೂ ಆಸೆ ಬಿಟ್ಟಿರಲಿಲ್ಲ.

ಅವಳು ಚೈನಿನ ಮೇಲಿನ ಕಪ್ಪು ಅಂಟನ್ನು ಬೆರಳಿಗೆ ತೆಗೆದು ನನ್ನ ಬೆರಳಿಗೆ ಉಜ್ಜಿದಳು. ಮರಳಿನಂತೆ ಚರಚರ ಎಂದಿತು. "ಗ್ರೀಸಿಗೆ ಮಣ್ಣು ಅಂಟಿದೆ. ಚೈನನ್ನ ಅರೆದಿದ್ದು ಇದೇ. ಗ್ರೀಸು ಮೇಲೇ ನಿಂತಿದೆ, ಪಿನ್ನಿಗೆ ತಲುಪೇ ಇಲ್ಲ. ಸಂದಿಯಲ್ಲಿ ಕೆಂಪು ಪುಡಿ ನೋಡಿ, ಒಳಗೆ ಒಣಗಿದೆ ಅನ್ನೋದಕ್ಕೆ ಅದೇ ಗುರುತು. ತೆಳು ಎಣ್ಣೆ ಹಾಕಬೇಕಿತ್ತು. ಇಷ್ಟು ಗ್ರೀಸ್ ಬಳಿದಿದ್ದು ಯಾರು?"

ಮೈದುನ ಎಣ್ಣೆಯನ್ನು ಸರಿಯಾಗಿ ಹಾಕುತ್ತಾನೋ ಇಲ್ಲವೋ ಎಂಬ ಅನುಮಾನದಲ್ಲಿ ವಾರಕ್ಕೆ ಎರಡು ಮುಷ್ಟಿ ಗ್ರೀಸ್ ಬಳಿಯುತ್ತಿದ್ದವಳು ನಾನು.

"ನಾನೇ" ಎಂದೆ.

"ಚೈನಿನ ಮೇಲಿದ್ದ ತಗಡಿನ ಕವರ್ ಎಲ್ಲಿ? ಅದಿದ್ದಿದ್ರೆ ಇಷ್ಟು ಮಣ್ಣು ಬೀಳ್ತಿರಲಿಲ್ಲ. ಚೈನು ಹಾರಿದ್ರೂ ಯಾರಿಗೂ ಪೆಟ್ಟಾಗ್ತಿರಲಿಲ್ಲ."

ಒಳಗೆ ಏನು ನಡೆಯುತ್ತಿದೆ ನೋಡೋಣ ಎಂದು ಅದನ್ನು ಬಿಚ್ಚಿಸಿದವಳೂ ನಾನೇ.

"ಎರಡೂ ಹಲ್ಲಿನ ಚಕ್ರ ನೋಡಿ, ಹಲ್ಲೆಲ್ಲ ಕೊಕ್ಕೆ ಥರ ಬಾಗಿವೆ. ಹಳೇ ಚಕ್ರಕ್ಕೆ ಹೊಸ ಚೈನು ಹಾಕಿದ್ರೆ ಚೈನೂ ಬೇಗ ಹಾಳಾಗತ್ತೆ. ಚಕ್ರಾನೂ ಬದಲಾಯಿಸಿ ಅಂತ ಯಾರೂ ಹೇಳಲಿಲ್ವಾ?"

ಹೇಳಿದ್ದ. ಮೈದುನ ಎರಡು ಸಲ ಹೇಳಿದ್ದ. ಅಂಗಡಿಯವನ ಜೊತೆ ಇವನೇನೋ ಒಳಒಪ್ಪಂದ ಮಾಡಿಕೊಂಡಿದ್ದಾನೆಂದು ನಾನು ಕಿವಿಗೇ ಹಾಕಿಕೊಂಡಿರಲಿಲ್ಲ.

ಇಷ್ಟು ದಿನ ಹುಡುಕುತ್ತಿದ್ದ ಕಳ್ಳಿ ಸಿಕ್ಕಿದ್ದಳು. ನಾಚಿಕೆಯಿಂದ ನೆಲ ನೋಡುವಂತಾಯಿತು. ಆ ಚೈನು ಅವನ ಕೈಗೋ ಕಣ್ಣಿಗೋ ಬಡಿದಿದ್ದರೆ ಎಂದು ನೆನೆದು ಅತ್ತೆ.

ಅದೇ ಸಂಜೆ ಮೊಳೆಯಲ್ಲಿದ್ದ ನಾಲ್ಕು ಕೊಂಡಿ ಮತ್ತು ಶೆಡ್ಡಿನ ಕೀಲಿ ಹಿಡಿದು ಮೈದುನನ ಮನೆಗೆ ಹೋದೆ. ವಾರಗಿತ್ತಿ ಮುಖ ಗಂಟುಹಾಕಿಕೊಂಡೇ ಬಾಗಿಲು ತೆರೆದಳು. ಅವಳದೇನೂ ತಪ್ಪಿಲ್ಲ.

"ತಪ್ಪು ನಂದಪ್ಪ" ಎಂದು ಎಲ್ಲವನ್ನೂ ಹೇಳಿ, ಕೀಲಿಯನ್ನು ಅವನ ಮುಂದಿಟ್ಟೆ. ಅವನು ಅದನ್ನು ಮುಟ್ಟದೆ ಕೇಳಿದ.

"ಕವರ್ ಹಾಕಕ್ಕೆ ಬಿಡ್ತೀರಾ?"

"ಹಾಕು."

"ಎರಡೂ ಚಕ್ರ?"

"ಎರಡೂ ಹೊಸದು."

"ಗ್ರೀಸ್ ಡಬ್ಬಿ?"

"ಅದನ್ನ ಇವತ್ತೇ ನಿನ್ನ ಕೈಗೆ ಕೊಡ್ತೀನಿ."

ಅವನ ಮುಖದಲ್ಲಿ ಸ್ವಲ್ಪ ನಗು ಕಂಡಿತು. ಕೀಲಿ ತೆಗೆದುಕೊಂಡು ಕೊಂಡಿಗಳನ್ನು ನನಗೇ ವಾಪಸು ಕೊಟ್ಟ. "ಇದನ್ನ ಮತ್ತೆ ಮೊಳೆಗೇ ನೇತುಹಾಕಿ ಅತ್ತಿಗೆ. ಇನ್ನೊಂದ್ಸಲ ನನ್ನ ಮೇಲೆ ಅನುಮಾನ ಬಂದ್ರೆ, ಮೊದಲು ಅಲ್ಲಿ ನೋಡಿ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕಾರ್ಖಾನೆಯಲ್ಲೂ ಚೈನು ಕಟಕಟ ಎನ್ನುತ್ತಿರಬಹುದು. ಇವತ್ತೇ ವಿದ್ಯುತ್ ಆಫ್ ಮಾಡಿ, ಬೀಗ ಹಾಕಿ, ಚೈನನ್ನು ಬಿಗಿಯಾಗಿ ಹಿಡಿದು ಅಳೆಯಿರಿ. ಹೊಸ ಚೈನು ತಂದ ದಿನವೇ ಇಪ್ಪತ್ತು ಕೊಂಡಿಯ ಅಳತೆಯನ್ನು ಗೋಡೆಯ ಮೇಲೆ ಬರೆದಿಟ್ಟರೆ ಆಮೇಲೆ ಯಾರನ್ನೂ ಕೇಳಬೇಕಾಗಿಲ್ಲ. ನೂರಕ್ಕೆ ಮೂರರಷ್ಟು ಬೆಳೆದಿದ್ದರೆ ಬದಲಾಯಿಸಿ, ಹಲ್ಲು ಬಾಗಿದ್ದರೆ ಚಕ್ರವನ್ನೂ ಬದಲಾಯಿಸಿ. ಚೈನನ್ನು ಬ್ರಷ್ಷಿನಿಂದ ಒರೆಸಿ, ಕೊಂಡಿಗಳ ಸಂದಿಗೆ ಇಳಿಯುವಂತೆ ತೆಳು ಎಣ್ಣೆ ಹಾಕಿ. ಎರಡೂ ಚಕ್ರಗಳಿಗೆ ಒಂದು ದಾರ ಎಳೆದು, ಒಂದೇ ಸಾಲಿನಲ್ಲಿವೆಯೇ ನೋಡಿ. ಕವರ್ ಮುಚ್ಚದೆ ಯಂತ್ರ ಶುರು ಮಾಡಬೇಡಿ.

ನನ್ನ ಹಾಗೆ ಅನುಮಾನ ಇರುವವರಿಗೆ ಒಂದು ಮಾತು. ಅನುಮಾನ ಇರಲಿ, ಬಿಡಬೇಡಿ. ಆದರೆ ಅದನ್ನು ಮೊದಲು ಚೈನಿನ ಮೇಲೆ ಪಡಿ. ಚೈನು ಅಂಗಡಿಯಲ್ಲಿ ಹೊಸದು ಸಿಗುತ್ತದೆ, ಮೈದುನ ಸಿಗುವುದಿಲ್ಲ.