ಮೂರನೆಯ ಕುಣಿತ

ಕಟುಕ ಮಟೌಶ್ ಹಂದಿಯ ತೊಡೆ ಕೊಚ್ಚುತ್ತಾ ಸಿಳ್ಳೆ ಹಾಕುತ್ತಿದ್ದ. ಅಂಗಡಿ ದಾಟಿ ನಾಲ್ಕು ಹೆಜ್ಜೆ ಹೋಗಿದ್ದ ಕಾಶ್ಪರ್ ಹ್ಲಾವಟಿ ಮೇಷ್ಟ್ರು ಗಕ್ಕನೆ ನಿಂತರು. ಆ ಸಿಳ್ಳೆ ಅವರ ಸೊತ್ತು. ಅವರು ಪ್ರಭುಗಳ ಆಸ್ಥಾನದ ವಾದ್ಯಮೇಳಕ್ಕೆ ಯಜಮಾನರು. ಇನ್ನು ಹತ್ತು ದಿನಕ್ಕೆ ಅರಮನೆಯಲ್ಲಿ ಕಾರ್ನಿವಲ್ ನೃತ್ಯಕೂಟವಿತ್ತು. ಅದಕ್ಕೆಂದು ಬರೆದ ಹನ್ನೆರಡು ಕುಣಿತಗಳಲ್ಲಿ ಮೂರನೆಯದನ್ನು ಈ ಕಟುಕ ಊದುತ್ತಿದ್ದ.

"ಇದನ್ನ ಎಲ್ಲಿ ಕೇಳಿದೆಯಪ್ಪಾ?"

"ಯಾವುದ್ನ? ಓ, ಇದಾ! ಭಾನುವಾರ ಕೆಂಪು ಹೋರಿ ಪಡಖಾನೇಲಿ ಬಾರಿಸ್ತಿದ್ರು ಮೇಷ್ಟ್ರೇ. ನನ್ನ ಹೆಂಡ್ತಿ ಕಾಲಿನ ಆಣಿ ಮರ್ತು ಕುಣಿದ್ಲು!"

ಹೋದ ವರ್ಷದ ಕೂಟದಲ್ಲಿ ಪಕ್ಕದ ಸೀಮೆಯ ಕೌಂಟ್ ಒಬ್ಬ, "ಈ ಕುಣಿತ ನಮ್ಮಲ್ಲಿ ಹಳೇದಾಯ್ತಲ್ಲ" ಎಂದು ಎಲ್ಲರೆದುರಿಗೆ ನಕ್ಕಿದ್ದ. ಮರುದಿನ ಪ್ರಭುಗಳು ಕರೆಸಿ ಹೇಳಿದ್ದರು: "ಇನ್ನೊಂದ್ಸಲ ಹಳಸಿದ್ದು ಬಡಿಸಿದ್ರೆ, ಟೋಪಿ ತಗೊಂಡು ಹೊರಡಿ."

ಅಂದಿನಿಂದ ಮೇಷ್ಟ್ರು ಬರೆದ ಹಾಳೆಗಳನ್ನೆಲ್ಲ ತಾಲೀಮು ಮುಗಿದ ಕೂಡಲೇ ಎಣಿಸಿ ಕಪಾಟಿಗೆ ಬೀಗ ಹಾಕುತ್ತಿದ್ದರು. ಬೀಗಕ್ಕೆ ಎರಡೇ ಕೀಲಿಕೈ. ಒಂದು ಅವರ ಸೊಂಟದಲ್ಲಿ, ಇನ್ನೊಂದು ರೊಸಾಲಿಯಾ ಬಳಿ. ಒಂದೊಂದು ವಾದ್ಯಕ್ಕೂ ಬೇಕಾದ ಹಾಳೆಗಳನ್ನು ನಕಲು ಮಾಡಿಕೊಡುತ್ತಿದ್ದ ವಿಧವೆ ಆಕೆ. ಹದಿನೆಂಟು ವರ್ಷದಿಂದ ಅವರ ಅಕ್ಷರ ಓದಿದವಳು.

ಆಕೆಯ ಮೇಲೆ ಅನುಮಾನಪಡಲು ಮೊದಲು ಅವರಿಗೇ ನಾಚಿಕೆಯಾಯಿತು. ಆದರೆ ಅನುಮಾನ ಒಮ್ಮೆ ಹೊಸಿಲು ದಾಟಿತೆಂದರೆ ಮನೆಯವರಂತೆಯೇ ಓಡಾಡತೊಡಗುತ್ತದೆ. ಆಕೆಯ ಹೊಸ ಶಾಲು ಕಣ್ಣಿಗೆ ಬಿತ್ತು. ಬ್ರನೋ ಪಟ್ಟಣದಿಂದ ಬಂದ ಪತ್ರವೊಂದನ್ನು ಆಕೆ ಅವರನ್ನು ಕಂಡು ಮಡಚಿಟ್ಟದ್ದು ನೆನಪಾಯಿತು. ಪರೀಕ್ಷೆ ಮಾಡೋಣವೆಂದು, ಒಂಬತ್ತನೆಯ ಕುಣಿತದಲ್ಲಿ ಬೇಕೆಂದೇ ಒಂದು ಅಪಸ್ವರ ಸೇರಿಸಿ ನಕಲಿಗೆ ಕೊಟ್ಟರು. ಆ ಅಪಸ್ವರ ಪಡಖಾನೆಯಲ್ಲಿ ಕೇಳಿಸಿದರೆ ಕಳ್ಳಿ ಯಾರೆಂದು ತಿಳಿದಂತೆ.

ಮರುದಿನ ರೊಸಾಲಿಯಾ ಹಾಳೆಗಳನ್ನು ತಂದಳು. "ಒಂಬತ್ತನೇದ್ರಲ್ಲಿ ನಿಮ್ಮ ಕೈ ಜಾರಿತ್ತು ಮೇಷ್ಟ್ರೇ. ಸರಿ ಮಾಡಿದ್ದೀನಿ."

ಬಲೆ ಇವಳಿಗೆ ಗೊತ್ತಾಗಿಹೋಗಿದೆ, ಅದಕ್ಕೇ ಅಪಸ್ವರ ಅಳಿಸಿದ್ದಾಳೆ, ಎಂದುಕೊಂಡರು ಮೇಷ್ಟ್ರು.

"ಯಾರು ಹೇಳಿದ್ರು ಸರಿ ಮಾಡೋಕೆ?"

"ಇದೇನು ಹೊಸದಾಗಿ ಕೇಳ್ತೀರಿ? ಯಾರೂ ಹೇಳದೇನೇ ಮಾಡ್ಕೊಂಡು ಬಂದಿದ್ದೀನಲ್ಲ."

"ಆ ಕೀಲಿಕೈ ಇಲ್ಲಿ ಕೊಡಿ."

ಆಕೆ ಕೀಲಿಕೈಯನ್ನು ಅವರ ಅಂಗೈಗೆ ಕೊಡದೆ ಮೇಜಿನ ಮೇಲಿಟ್ಟು, ಗರಿಲೇಖನಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟುಹೋದಳು.

ಭಾನುವಾರ ಇಗರ್ಜಿಯ ಪೂಜೆ ಮುಗಿದ ಮೇಲೆ ಮೇಷ್ಟ್ರು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಕೆಂಪು ಹೋರಿಗೆ ಹೋದರು. ಒಳಗೆ ಬೀರಿನ ಹುಳಿ ವಾಸನೆ, ಕರಿದ ಸಿಹಿಬನ್ನಿನ ಎಣ್ಣೆಹೊಗೆ. ಮೂಲೆಯಲ್ಲಿ ಪೀಪಾಯಿಯ ಮೇಲೆ ಕೂತು ಪಿಟೀಲು ಬಾರಿಸುತ್ತಿದ್ದವನನ್ನು ಕಂಡು ಅವರು ಕಂಬಕ್ಕೆ ಒರಗಿದರು. ಅವರದೇ ಮೇಳದ ವೀಟ್! ಅರಮನೆಯಲ್ಲಿ ದೀಪ ಹಚ್ಚುವ ಕೆಲಸದ ಜೊತೆಗೆ, ಪಿಟೀಲಿಗಿಂತ ತುಸು ದೊಡ್ಡದಾದ ವಿಯೋಲಾ ನುಡಿಸುವವನು. ಕುಣಿತದ ಸಂಗೀತದಲ್ಲಿ ವಿಯೋಲಾಕ್ಕೆ ಸ್ಥಾನವಿಲ್ಲ. ಹೀಗಾಗಿ ಆ ತಾಲೀಮುಗಳಲ್ಲೆಲ್ಲ ಅವನು ಮೇಣದಬತ್ತಿಗಳ ಕರಿಗಟ್ಟಿದ ತುದಿ ಕತ್ತರಿಸುತ್ತಾ ಗೋಡೆ ಬದಿಯಲ್ಲಿ ಕೂತಿರುತ್ತಿದ್ದ. ಅವನ ಮುಂದೆ ಒಂದು ಹಾಳೆಯೂ ಇರುತ್ತಿರಲಿಲ್ಲ. ಅವನನ್ನು ಅನುಮಾನಿಸುವುದಕ್ಕೂ ಯಾರಿಗೂ ತೋಚಿರಲಿಲ್ಲ.

ಮೂರನೆಯ ಕುಣಿತ ಶುರುವಾಯಿತು. ಎಂಟನೆಯ ಆವರ್ತಕ್ಕೆ ಬಂದಾಗ, ಮೇಷ್ಟ್ರು ಮಂದ್ರದಲ್ಲಿ ದಡದಡ ಸ್ವರಗಳನ್ನು ಓಡಿಸಿದ್ದ ಜಾಗದಲ್ಲಿ, ವೀಟ್‌ನ ಪಕ್ಕದ ದೊಡ್ಡ ಪಿಟೀಲಿನವನು ಕೈ ಎತ್ತಿ ಸುಮ್ಮನಾದ. ಒಂದು ಕ್ಷಣ ಪಡಖಾನೆಯೇ ಉಸಿರು ಹಿಡಿಯಿತು. ಕುಣಿಯುತ್ತಿದ್ದ ಜೋಡಿಗಳೆಲ್ಲ ಆ ಖಾಲಿಯಲ್ಲಿ ಮೇಲೆದ್ದು, ಧಡ್ ಎಂದು ಒಟ್ಟಿಗೆ ನೆಲಕ್ಕೆ ಬಂದರು. ಸಿಟ್ಟಿನಿಂದ ಕುದಿಯುತ್ತಿದ್ದ ಮೇಷ್ಟ್ರ ಹಿಮ್ಮಡಿಯೂ ತಾನಾಗಿ ನೆಲ ತಟ್ಟಿತು.

ಬಾಗಿಲಾಚೆ ಹಿಮದಲ್ಲಿ ವೀಟ್‌ನನ್ನು ನಿಲ್ಲಿಸಿಕೊಂಡರು. "ಕಳ್ಳ! ಯಾರು ಕೊಟ್ರು ನಿಂಗೆ ಹಾಳೆ?"

"ಕದ್ದಿಲ್ಲ ಮೇಷ್ಟ್ರೇ, ದೇವರಾಣೆ. ಕಿವಿಗೆ ಬಿತ್ತು. ಗೋಡೆ ಪಕ್ಕ ಕೂರಿಸಿದ್ರಿ, ಕಿವಿ ಮುಚ್ಕೋ ಅಂದಿರ್ಲಿಲ್ಲ."

"ಎಂಟನೇ ಆವರ್ತದಲ್ಲಿ ಆ ಮಂದ್ರ ಯಾಕೆ ನಿಲ್ಲಿಸ್ದೆ?"

ವೀಟ್ ತಲೆ ಕೆರೆದುಕೊಂಡ. "ದೊಡ್ಡ ಪಿಟೀಲಿನ ಬ್ಲಾಜೆಯ್ ಬೆರಳಿಗೆ ವಾತ. ಅಷ್ಟೊಂದು ಸ್ವರ ಅವನ ಕೈಲಾಗಲ್ಲ. ಅಲ್ಲಿ ಬಾಯ್ಮುಚ್ಕೊಂಡಿರು ಅಂದೆ, ಅಷ್ಟೇ."

ಮೇಷ್ಟ್ರು ಮೂರು ವಾರ ಹೆಣಗಿ ತುಂಬಿಸಿದ್ದ ಜಾಗ ಅದು. ಖಾಲಿ ಬಿಟ್ಟದ್ದೇ ಸರಿಯಾಗಿತ್ತು.

ಸಂಜೆ ರೊಸಾಲಿಯಾಳ ಮನೆ ಬಾಗಿಲು ತಟ್ಟಿದರು. ಆಕೆ ಒಳಗೆ ಕರೆಯಲಿಲ್ಲ.

"ತಪ್ಪಾಯ್ತು. ಕಳ್ಳಿ ನೀವಲ್ಲ."

"ಅದು ನಂಗೆ ಗೊತ್ತಿರೋ ವಿಷ್ಯ."

"ಆ ಅಪಸ್ವರ... ಅದು ನಿಮಗಿಟ್ಟ ಬಲೆ."

"ಅದೂ ಗೊತ್ತಿತ್ತು ಮೇಷ್ಟ್ರೇ. ನಿಮ್ಮ ಕೈ ಹಾಗೆ ಜಾರಲ್ಲ."

"ಗೊತ್ತಿದ್ದೂ ಯಾಕೆ ತಿದ್ದಿದ್ರಿ? ಹಾಗೇ ಬಿಟ್ಟಿದ್ರೆ ನಿಮ್ಮ ಮೇಲೆ ಮಾತೇ ಬರ್ತಿರ್ಲಿಲ್ಲ."

"ಬಿಟ್ಟಿದ್ರೆ ಕೂಟದ ದಿನ ಅದನ್ನೇ ನುಡಿಸ್ತಿದ್ರಲ್ಲ. ಮಾನ ಯಾರದ್ದು ಹೋಗ್ತಿತ್ತು?"

ಮೇಷ್ಟ್ರು ಕೀಲಿಕೈ ಚಾಚಿದರು. ಆಕೆ ಕೈ ಮುಂದೆ ಮಾಡಲಿಲ್ಲ. ಕೂಟಕ್ಕೆ ಬೇಕಾದ ನಕಲನ್ನು ಮಾತ್ರ ಮುಗಿಸಿಕೊಡುತ್ತೇನೆಂದಳು. ಬ್ರನೋದ ಪತ್ರದಲ್ಲಿದ್ದದ್ದು ಅಲ್ಲಿನ ಮಠವೊಂದರಿಂದ ಬಂದ ಕೆಲಸದ ಕರೆ. ಆಗುವುದಿಲ್ಲವೆಂದು ಉತ್ತರವನ್ನೂ ಬರೆದಿಟ್ಟಿದ್ದಳಂತೆ. ಈಗ ಅದನ್ನು ಹರಿದುಹಾಕಿದ್ದಳು.

ಮೇಷ್ಟ್ರು ಊರಿಗೆಲ್ಲ ಹಳೆಯದಾಗಿಹೋಗಿದ್ದ ಮೂರನೆಯ ಕುಣಿತವನ್ನು ಕೂಟದಿಂದ ತೆಗೆದುಹಾಕಿ, ಎರಡು ದಿನದಲ್ಲಿ ಬೇರೊಂದು ಬರೆದರು. ಅತಿಥಿಗಳು ಕುಣಿದರು, ಬೆವರೊರೆಸಿಕೊಂಡರು, ಮತ್ತೊಮ್ಮೆ ಎಂದು ಯಾರೂ ಕೇಳಲಿಲ್ಲ. ಕೌಂಟ್‌ಗೂ ನಗಲು ಏನೂ ಸಿಗಲಿಲ್ಲ. ವೀಟ್‌ನ ಸುದ್ದಿಯನ್ನು ಮೇಷ್ಟ್ರು ಯಾರಿಗೂ ಹೇಳಲಿಲ್ಲ. ಎರಡನೆಯ ಪಿಟೀಲಿನ ಸಾಲಿನಲ್ಲಿ ಅವನಿಗೊಂದು ಕುರ್ಚಿ ಹಾಕಿಸಿದರು.

ಈಸ್ಟರ್ ಕಳೆದ ಸೋಮವಾರ ರೊಸಾಲಿಯಾ ಊರು ಬಿಟ್ಟಳು. ಗಾಡಿ ನಿಲ್ಲುವಲ್ಲಿಗೆ ಮೇಷ್ಟ್ರೂ ಹೋಗಿದ್ದರು. ಆಕೆಯ ಪೆಟ್ಟಿಗೆ ಎತ್ತಲು ಬಗ್ಗಿದರು. ಆಕೆ ಬೇಡವೆನ್ನಲಿಲ್ಲ.

"ಚಳಿಗಾಲದಲ್ಲಿ ಕೆಮ್ಮು ನೋಡ್ಕೊಳ್ಳಿ," ಎಂದಷ್ಟೇ ಹೇಳಿ ಹತ್ತಿ ಕೂತಳು. ಗಾಡಿ ಸೇತುವೆ ದಾಟಿ ತಿರುಗುವವರೆಗೂ ಮೇಷ್ಟ್ರು ಬರಿದಲೆಯಲ್ಲಿ ನಿಂತೇ ಇದ್ದರು.