ನೀರುಗಂಟಿಯ ಬಟ್ಟೆ

ಚೌಕಟ್ಟಿಗೆ ನಾಲ್ಕು ಸಾವಿರದ ಇನ್ನೂರು, ದೀಪಗಳಿಗೆ ಮೂರು ಸಾವಿರ, ಐನೂರು ಆಹ್ವಾನ ಪತ್ರಿಕೆಗೆ ಎರಡೂವರೆ ಸಾವಿರ, ಉದ್ಘಾಟನೆಯ ಕಾಫಿ ಉಪ್ಪಿಟ್ಟಿಗೆ ಸಾವಿರದ ಎಂಟುನೂರು. ಕೊಡಿಗೇಹಳ್ಳಿಯ ಹಳೆ ಶಾಲೆಯ ಎರಡು ಕೋಣೆಗಳಲ್ಲಿದ್ದ ಪುಟ್ಟ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುವ ಸರಳಾ ಇಷ್ಟನ್ನೂ ದಾನಿಗಳ ಬಾಗಿಲು ತಟ್ಟಿ ಕೂಡಿಸಿದ್ದಳು. ಪ್ರದರ್ಶನದ ಮುಖ್ಯ ವಸ್ತುವಿಗೆ ಮಾತ್ರ ಬಿಡಿಗಾಸೂ ಖರ್ಚಾಗಿರಲಿಲ್ಲ. ಎಪ್ಪತ್ತು ದಾಟಿದ ದೊಡ್ಡಮುನಿಯಮ್ಮ ಅದನ್ನು ಟ್ರಂಕಿನಿಂದ ತೆಗೆದು ಸುಮ್ಮನೆ ಕೊಟ್ಟಿದ್ದರು.

ಅದು ಅವರಪ್ಪ ಕೆರೆಯ ಚಿತ್ರ ಬರೆದಿಟ್ಟ ಬಟ್ಟೆ. ಊರ ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುತ್ತಿದ್ದ ನೀರುಗಂಟಿ ಆತ. ಕೆರೆ ಕೋಡಿ ಬಿದ್ದ ವರ್ಷಗಳಲ್ಲೆಲ್ಲ ನೀರಿನ ಅಂಚಿನುದ್ದಕ್ಕೂ ನಡೆದು, ಅದು ಎಲ್ಲಿಯವರೆಗೆ ನಿಂತಿತೆಂದು ಬಟ್ಟೆಯ ಮೇಲೆ ಕಾವಿಯಲ್ಲಿ ಗೆರೆ ಎಳೆಯುತ್ತಿದ್ದ. ಕೆರೆ ಹೋಗಿ ಸೈಟುಗಳಾಗಿ ನಲವತ್ತು ವರ್ಷ. ಈಗಿನವರಿಗೆ ತಿಳಿಯಲೆಂದು ಸರಳಾ ಪಕ್ಕದಲ್ಲೊಂದು ನಕ್ಷೆ ಬರೆದು, ಅದೇ ಗೆರೆಯನ್ನು ಇಂದಿನ ಅಡ್ಡರಸ್ತೆಗಳ ಮೇಲೆ ಕೂರಿಸಿದಳು. ಚೆನ್ನಾಗಿ ಬಂತೆಂದು ಆಹ್ವಾನ ಪತ್ರಿಕೆಗೂ ಅದನ್ನೇ ಹಾಕಿಸಿ, ಬಟ್ಟೆ ಕೊಟ್ಟ ದೊಡ್ಡಮುನಿಯಮ್ಮನ ಹೆಸರು, ಮನೆ ನಂಬರು ಸಹಿತ ಅಚ್ಚು ಮಾಡಿಸಿದಳು. ಮರ್ಯಾದೆಗೆಂದು ಸರ್ಕಾರಿ ಕಚೇರಿಗಳಿಗೂ ತಾನೇ ಹೋಗಿ ಕೊಟ್ಟು ಬಂದಳು.

ಪ್ರದರ್ಶನದ ಎರಡನೆಯ ದಿನ ಸರ್ಕಾರಿ ಕಚೇರಿಯಿಂದ ಫೈಲು ಹಿಡಿದ ಒಬ್ಬಾತ ಬಂದ. ಮಡಕೆ, ಚಿತ್ರ ಯಾವುದನ್ನೂ ನೋಡದೆ ನೇರ ನಕ್ಷೆಯ ಮುಂದೆ ನಿಂತ.

“ಮೂರನೇ ಅಡ್ಡರಸ್ತೆ ಗೆರೆ ಒಳಗೇ ಬರುತ್ತಲ್ವಾ ಮೇಡಂ?”

ಹೌದೆಂದು ಹೆಮ್ಮೆಯಿಂದ ಹೇಳಿದಳು. ಬಹಳ ಚೆನ್ನಾಗಿ ಮಾಡಿದ್ದೀರೆಂದು ಆತ ಆಹ್ವಾನ ಪತ್ರಿಕೆಯೊಂದನ್ನು ಫೈಲಿಗೆ ಸೇರಿಸಿಕೊಂಡ. ಅವನು ಹೋದ ಮೇಲೆ ಸರಳಾ ಗೆರೆಯೊಳಗಿನ ಮನೆಗಳನ್ನು ಎಣಿಸಿದಳು. ಹನ್ನೊಂದು. ಅದರಲ್ಲೊಂದು ದೊಡ್ಡಮುನಿಯಮ್ಮನದು. ಕೆರೆ ಜಾಗದ ಒತ್ತುವರಿಯೆಂದು ಅವನ್ನು ಕೆಡವಲು ಸರ್ಕಾರಕ್ಕೆ ಆ ಗೆರೆಯೊಂದೇ ಸಾಕಿತ್ತು.

ಮರುದಿನ ಇಬ್ಬರು ಬಂದು ಬರೀ ಆ ಮೂಲೆಯ ಫೋಟೊ ತೆಗೆದುಕೊಂಡರು. ಅವಳು ನಕ್ಷೆಯನ್ನು ಗೋಡೆಯಿಂದ ಇಳಿಸಿ ಮೂರನೇ ಅಡ್ಡರಸ್ತೆಗೆ ಓಡಿದಳು. ಮನೆಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಆಗಲೇ ಒಂದು ಅಂಕಿ ಬಿದ್ದಿತ್ತು. ದೊಡ್ಡಮುನಿಯಮ್ಮ ಜಗಲಿಯ ಮೇಲೆ ಹುರುಳಿ ಆರಿಸುತ್ತಿದ್ದರು.

“ಅಜ್ಜಿ, ಆ ಗೆರೆ ಅಂದಾಜಿಂದು, ನಂಬೋಕಾಗಲ್ಲ ಅಂದ್ಬಿಡಿ. ನಾನೂ ಹಂಗೇ ಬರ್ಕೊಡ್ತೀನಿ.”

“ಮಂಡಿಗಂಟ ನೀರಲ್ಲಿ ನಡ್ದು ಬರ್ದವ್ನೆ ಕಣವ್ವಾ ನಮ್ಮಪ್ಪ. ಅವನ್ನ ಸುಳ್ಳುಗಾರ ಮಾಡಿ ನಾನಿಲ್ಲಿ ಎಂಗೆ ಮಲಗ್ಲಿ?”

ಸರಳಾ ಇನ್ನೂ ಎರಡು ಸಲ ಹೋಗಿ ಬೇಡಿಕೊಂಡಳು. ಮುದುಕಿ ಮಜ್ಜಿಗೆ ಕೊಟ್ಟರೇ ಹೊರತು ಮಾತು ಬದಲಿಸಲಿಲ್ಲ.

ತಿಂಗಳೊಳಗೆ ಹನ್ನೊಂದು ಮನೆಗಳೂ ಬಿದ್ದವು. ದೊಡ್ಡಮುನಿಯಮ್ಮ ಚಿಕ್ಕಬಾಣಾವರದ ಮಗಳ ಮನೆ ಸೇರಿದರು. ಬಟ್ಟೆಯನ್ನು ವಾಪಸು ಕೇಳಲಿಲ್ಲ. ಸಂಗ್ರಹಾಲಯಕ್ಕೆ ಬಟ್ಟೆ ಉಳಿಯಿತು. ಆಮೇಲೆ ಆ ಊರಿನಲ್ಲಿ ಯಾರೂ ಸರಳಾಳ ಕೈಗೆ ಒಂದು ಹಳೆ ಕಾಗದವನ್ನೂ ಕೊಡಲಿಲ್ಲ.