ಮೂರನೇ ಮಹಡಿಯ ಅಧ್ಯಾಯ

ಹೊಲಿಗೆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕಾಜಾ ಅಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಅಂಗಿಗಳಿಗೆ ಗುಂಡಿ ತೂರುವ ಕಾಜಾ ಹೊಲಿಯುವುದೇ ಅವಳ ಕೆಲಸ. ಊಟದ ಬಿಡುವಿನಲ್ಲಿ ಉಳಿದವರು ಹರಟುತ್ತಿದ್ದರೆ ಅವಳು ಬಟ್ಟೆಯ ಗಂಟಿಗೆ ಒರಗಿ ಕಾದಂಬರಿ ಬರೆಯುತ್ತಿದ್ದಳು. ಆರು ವರ್ಷ ಹಿಡಿಯಿತು. ಮೊದಲು ಕಳಿಸಿದ ಪ್ರಕಾಶನದಿಂದ ಅದು ಹೋದ ಹಾಗೇ ವಾಪಸು ಬಂತು, ಎರಡನೆಯದರಿಂದ ವಾಪಸೂ ಬರಲಿಲ್ಲ. ಮೂರನೆಯ ಕಡೆಯಿಂದ ಮಾತ್ರ ಒಂದು ಫೋನು ಬಂತು: "ಬಿಡುವಾದಾಗ ಬಂದು ಹೋಗಿ."

ಕರೆದವರು ಅಲ್ಲಿಯ ಸಂಪಾದಕಿ. ಕಿವಿ ಸ್ವಲ್ಪ ಮಂದವಾದ, ಮಾತು ಮಾತ್ರ ಚೂಪಾದ ಹೆಂಗಸು. ಕುರ್ಚಿಯ ಮೇಲಿದ್ದ ಪುಸ್ತಕದ ಕಟ್ಟನ್ನು ಕೆಳಗಿಟ್ಟು ಕೂರಿಸಿದರು.

"ಮೊದಲ ನಲವತ್ತು ಪುಟ ತೆಗೆದುಬಿಡಿ. ಅಜ್ಜನ ಕಥೆ, ಮುತ್ತಜ್ಜನ ಕಥೆ ಯಾರಿಗೆ ಬೇಕು? ಮಗು ಬೀಳೋದೇ ಎಪ್ಪತ್ತನೇ ಪುಟದಲ್ಲಿ. ಅಷ್ಟು ಹೊತ್ತಿಗೆ ಓದೋನು ಎದ್ದು ಹೋಗಿರ್ತಾನೆ."

"ಆಯ್ತು ಮೇಡಂ."

"ಹಾಳೆಯ ಒಂದೇ ಕಡೆ ಬರೀರಿ. ಪುಟದ ನಂಬರು ಹಾಕಿ, ನಿಮ್ಮದು ಕೈಜಾರಿ ಬಿದ್ದು ಜೋಡಿಸೋಕೆ ನನಗೆ ಒಂದು ದಿನ ಹೋಯ್ತು. ಜೊತೆಗಿಡೋ ಕಾಗದದಲ್ಲಿ ಕಷ್ಟಸುಖ ತೋಡ್ಕೋಬೇಡಿ, ಕಥೆ ಏನು ಅಂತ ನಾಲ್ಕು ಸಾಲು ಸಾಕು. ಮೂಲಪ್ರತಿ ಯಾರ ಕೈಗೂ ಕೊಡಬೇಡಿ, ನನ್ನ ಕೈಗೂ ಬೇಡ." ಆಮೇಲೆ ಕನ್ನಡಕ ತೆಗೆದರು. "ಇದು ನಡೆದದ್ದಾ?"

"ಹೌದು. ನನ್ನ ತಂಗಿ."

"ಇದರಲ್ಲಿ ಬರೋರು ಯಾರ್ಯಾರು ಬದುಕಿದಾರೆ?"

"ಅಮ್ಮ, ಅಣ್ಣ."

"ಹಾಗಾದ್ರೆ ಅಚ್ಚಿಗೆ ಕೊಡೋ ಮುಂಚೆ ಅವರಿಬ್ಬರಿಗೂ ನೀವೇ ಕೂತು ಓದಿ ಹೇಳಿ. ಜಗಳ ಆಗೋದಾದ್ರೆ ಈಗಲೇ ಆಗಲಿ. ಅಚ್ಚಾದ ಮೇಲೆ ಜಗಳ ಆಗಿ ಪುಸ್ತಕಾನೇ ಸುಟ್ಟೋರನ್ನ ನೋಡಿದೀನಿ ನಾನು."

ನಡೆದದ್ದು ಇಷ್ಟು. ಕಾಜಾ ಅಕ್ಕನ ಅಪ್ಪ ಒಂದು ಆರು ಮಹಡಿಯ ಕಟ್ಟಡದಲ್ಲಿ ಕಾವಲುಗಾರ. ಲಿಫ್ಟು ಕೆಟ್ಟು ನಿಂತಿದ್ದ ಒಂದು ಮಧ್ಯಾಹ್ನ ಮೂರನೇ ಮಹಡಿಯಲ್ಲಿ ಅದರ ಬಾಗಿಲು ತೆರೆದಿತ್ತು. ಒಂಬತ್ತು ವರ್ಷದ ಕೊನೆಯ ಮಗಳು ಓಡಿ ಬಂದವಳು ಲಿಫ್ಟಿನ ಗುಂಡಿಯೊಳಗೆ ಬಿದ್ದು ಸತ್ತಳು. ಬಾಗಿಲ ಕೀಲಿ ಇದ್ದದ್ದು ಅಪ್ಪನ ಬಳಿ. ಅಪ್ಪ ಕೆಲಸ ಕಳೆದುಕೊಂಡ. ಅಮ್ಮ ಅವನೊಂದಿಗೆ ಮಾತು ಬಿಟ್ಟಳು. ಒಂದೇ ಸೂರಿನ ಕೆಳಗೆ ಹನ್ನೊಂದು ವರ್ಷ, ಅವನು ಸಾಯುವ ತನಕ, ತಟ್ಟೆ ಕುಕ್ಕಿ ಊಟಕ್ಕೆ ಕರೆದಳೇ ಹೊರತು ಬಾಯಿ ಬಿಡಲಿಲ್ಲ. ಕಾದಂಬರಿಯಲ್ಲಿ ಅಪ್ಪ ಕುಡಿದು ಬಾಗಿಲು ಹಾಕುವುದನ್ನು ಮರೆಯುತ್ತಾನೆ.

ನಾಲ್ಕು ತಿಂಗಳಲ್ಲಿ ಕಾಜಾ ಅಕ್ಕ ಎಲ್ಲವನ್ನೂ ತಿದ್ದಿದಳು. ನಲವತ್ತು ಪುಟ ಕಿತ್ತು ಹಾಕುವಾಗ ಚರ್ಮ ಸುಲಿದಂತಾಯಿತು, ಆದರೂ ಕಿತ್ತಳು. ಸಂಪಾದಕಿ ಓದಿ, ಪ್ರಕಟಿಸುತ್ತೇವೆ ಎಂದರು. ಒಂದು ಭಾನುವಾರ ಅವಳು ಹಾಳೆಗಳನ್ನು ಹಿಡಿದು ಅಣ್ಣನ ಅಂಗಡಿಗೆ ಹೋದಳು. ಅವನು ಮಿಕ್ಸಿ, ಫ್ಯಾನು ರಿಪೇರಿ ಮಾಡುತ್ತಿದ್ದ. ಶಟರನ್ನು ಅರ್ಧ ಎಳೆದು, "ಓದು, ನಮ್ಮ ಮನೇಲೂ ಒಬ್ಬಳು ಸಾಹಿತಿ!" ಎಂದು ನಕ್ಕ.

ಒಂದು ಗಂಟೆ ಅವನು ಬಿಚ್ಚಿಟ್ಟ ಮಿಕ್ಸಿಯ ಸ್ಕ್ರೂಗಳನ್ನು ಸಾಲಾಗಿ ಜೋಡಿಸುತ್ತ ಕೇಳಿದ. ಮೂರನೇ ಮಹಡಿಯ ಅಧ್ಯಾಯ ಬಂದಾಗ ಕೈ ನಿಂತಿತು.

"ಹಾಗಲ್ಲ ಕಣೇ."

"ಏನು ಹಾಗಲ್ಲ?"

"ಅಪ್ಪ ಆವತ್ತು ಕುಡಿದಿರ್ಲಿಲ್ಲ. ಕುಡಿಯೋಕೆ ಶುರು ಮಾಡಿದ್ದೇ ಆಮೇಲೆ."

"ನಾನೇ ನೋಡಿದ ನೆನಪು..."

"ನಿನಗೆ ಹದಿನಾಲ್ಕು ವರ್ಷ ಆಗ. ಬಾಗಿಲು ತೆಗೆದೋನು ನಾನು." ಅವನ ದನಿ ಸ್ಕ್ರೂಗಳಿಗೆ ಹೇಳುವಂತಿತ್ತು. "ಲಿಫ್ಟ್ ಕೆಲಸ ಕಲಿಯೋಕೆ ಸೇರಿ ಎರಡು ತಿಂಗಳಾಗಿತ್ತು. ಕಂಪನಿಯವರು ಬರೋದ್ರೊಳಗೆ ನಾನೇ ಸರಿ ಮಾಡಿ ತೋರಿಸ್ತೀನಿ ಅಂತ ಜಂಬ. ಅಪ್ಪನ ಕೀಲಿ ಕದ್ದೆ. ಬಾಗಿಲು ತೆಗೆದಿಟ್ಟು ಸ್ಕ್ರೂಡ್ರೈವರ್ ತರೋಕೆ ಕೆಳಗೆ ಹೋದೆ. ಅಷ್ಟೇ ಹೊತ್ತು."

ಅವಳು ಹಾಳೆಗಳನ್ನು ಕೆಳಗಿಟ್ಟಳು. "ಅಪ್ಪನಿಗೆ ಗೊತ್ತಿತ್ತಾ?"

"ಪೊಲೀಸರು ಬರೋ ಮುಂಚೆ ನನ್ನ ಜೇಬಿಂದ ಕೀಲಿ ತೆಗೆದು ತನ್ನ ಸೊಂಟಕ್ಕೆ ಸಿಕ್ಕಿಸ್ಕೊಂಡ. 'ಬಾಯಿ ಬಿಟ್ರೆ ಕೊಂದುಬಿಡ್ತೀನಿ' ಅಂದ. ನಾನು ಬಿಡಲಿಲ್ಲ. ಅವನು ಸತ್ತ ಮೇಲಾದ್ರೂ ಬಿಡಬಹುದಿತ್ತು. ಬಿಡಲಿಲ್ಲ."

ಅವನು ಸ್ಕ್ರೂಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದ. ಕೊನೆಗೆ ಅವನೇ, "ಸರಿಯಾಗಿ ಬರಿ. ನಾನು ಬೇಡ ಅನ್ನಲ್ಲ. ಅಮ್ಮನಿಗೆ ಮಾತ್ರ ನೀನೇ ಓದು, ನನ್ನ ಕೈಲಾಗಲ್ಲ," ಎಂದ.

ವಿಷಯ ಕೇಳಿ ಸಂಪಾದಕಿ, "ಹಾಗಾದ್ರೆ ಇನ್ನೂ ದೊಡ್ಡ ಕಾದಂಬರಿ ಆಗುತ್ತಲ್ಲಮ್ಮ!" ಎಂದುಬಿಟ್ಟರು. ಅಂದದ್ದೇ ನಾಲಿಗೆ ಕಚ್ಚಿಕೊಂಡರು. "ತಪ್ಪು ತಿಳೀಬೇಡಿ. ಈ ಕೆಲಸ ಮಾಡಿ ಮಾಡಿ ನನಗೆ ಹೀಗಾಗಿದೆ."

ಹಳೆಯದನ್ನೇ ಅಚ್ಚು ಹಾಕಿಸಬಹುದಿತ್ತು. ಎಲ್ಲ ಸಿದ್ಧವಾಗಿತ್ತು, ಅಮ್ಮನೂ ನೆಮ್ಮದಿಯಾಗಿರುತ್ತಿದ್ದಳು. ಆದರೆ ಕುಡಿದು ತೂರಾಡುವ ಅಪ್ಪನ ಆ ಪುಟಗಳನ್ನು ಮತ್ತೆ ಮುಟ್ಟಲು ಅವಳಿಗೆ ಆಗಲಿಲ್ಲ. ಆ ಅಧ್ಯಾಯವನ್ನು ಹೊಸದಾಗಿ ಬರೆದಳು. ಬರೆದು ಅಮ್ಮನ ಮಂಚದ ಬಳಿ ಕೂತಳು. ಅಮ್ಮನಿಗೆ ಕಣ್ಣು ಮಂಜಾಗಿತ್ತು, ಕಿವಿ ನೆಟ್ಟಗಿತ್ತು.

ಓದಿ ಮುಗಿದಾಗ ಅಮ್ಮ ಅಳಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು.

"ಒಂದು ಮಾತು ಹೇಳಬಹುದಿತ್ತಲ್ಲ ಅವರು."

"ಹೇಳಿದ್ರೆ ನೀನು ಅಣ್ಣನ್ನ ಮನೇಲಿ ಇಟ್ಕೋತಿದ್ಯಾ ಅಮ್ಮ?"

ಅಮ್ಮ ಸೆರಗನ್ನು ಬಿಟ್ಟು ಮಂಚದ ಅಂಚು ಹಿಡಿದಳು. "ಕೊನೇ ದಿನ ಕೈ ಚಾಚಿದ್ರು," ಎಂದಳು. "ನೀರು ಕೇಳ್ತಿದಾರೆ ಅನ್ಕೊಂಡೆ. ಲೋಟ ಹತ್ತಿರ ಇಟ್ಟು ಎದ್ದು ಹೋದೆ. ನೀರಿಗಲ್ವೇನೋ." ಮುಖವನ್ನು ಗೋಡೆಯ ಕಡೆ ತಿರುಗಿಸಿ, "ಅಚ್ಚು ಹಾಕಿಸು. ನಾನು ಹೋದ ಮೇಲೆ," ಎಂದಳು.

ಅಮ್ಮ ಆಮೇಲೆ ನಾಲ್ಕು ವರ್ಷ ಇದ್ದಳು. ಅಣ್ಣ ಬಂದರೆ "ಊಟ ಆಯ್ತಾ?" ಎನ್ನುತ್ತಿದ್ದಳು. ಅವನು "ಆಯ್ತು" ಎನ್ನುತ್ತಿದ್ದ. ಅದಕ್ಕಿಂತ ಮುಂದೆ ಇಬ್ಬರೂ ಹೋಗಲಿಲ್ಲ. ಅಷ್ಟರಲ್ಲಿ ಸಂಪಾದಕಿ ಕಾಯಿಲೆ ಬಿದ್ದು ಕೆಲಸ ಬಿಟ್ಟರು, ಆ ಪ್ರಕಾಶನವೂ ಬಾಗಿಲು ಹಾಕಿತು. ಅಮ್ಮ ಹೋದ ಮೇಲೆ ಕಾಜಾ ಅಕ್ಕ ಮೊದಲಿನಿಂದ ಶುರು ಮಾಡಬೇಕಾಯಿತು. ಐದು ಕಡೆ ಬೇಡವೆಂದರು. ಆರನೆಯವರು ಮುನ್ನೂರು ಪ್ರತಿ ಅಚ್ಚು ಹಾಕಿದರು, ಮುಖಪುಟಕ್ಕೆ ಯಾವುದೋ ಹೂವಿನ ಚಿತ್ರ ಹಾಕಿ.

ಮೊದಲ ಪ್ರತಿಯನ್ನು ಅವಳು ಅಣ್ಣನ ಅಂಗಡಿಗೆ ಒಯ್ದಳು. ಅವನು ಕೈಯ ಗ್ರೀಸನ್ನು ಒರೆಸಿಕೊಂಡು ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿದ, ತೆರೆಯಲಿಲ್ಲ.

"ಅಪ್ಪನ ಹೆಸರು ಹಾಕಿದೀಯಾ?"

"ಇಲ್ಲ ಅಣ್ಣ. ಎಲ್ಲರ ಹೆಸರೂ ಬದಲಾಯಿಸಿದೀನಿ."

"ಅಪ್ಪಂದು ಒಂದು ಹಾಕಬೇಕಿತ್ತು," ಎಂದು ಪುಸ್ತಕವನ್ನು ಅವಳ ಕೈಗೇ ಕೊಟ್ಟು, ಕೆಟ್ಟ ಫ್ಯಾನೊಂದನ್ನು ಎದುರಿಗೆ ಎಳೆದುಕೊಂಡ.